ನನ್ನನ್ನೇ ವಿಚಾರಿಸಲು ಬಂದವರು

ಮೂರನೆಯ ಸಂಬಂಧದವರೂ ಬೇಡವೆಂದು ಹೇಳಿಕಳಿಸಿದರು. ಜಾತಕ ಕೂಡಿಬರಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ನಮ್ಮ ಮನೆಯಲ್ಲಿ ಜಾತಕ ಬರೆಸುವ ಪದ್ಧತಿಯೇ ಇರಲಿಲ್ಲ. ಅವರು ಕೇಳಿರಲಿಲ್ಲ, ನಾವು ಕೊಟ್ಟಿರಲೂ ಇಲ್ಲ. ಆದರೂ ಅಪ್ಪ ಆ ಮಾತು ತಂದ ಮಠದ ಕಡೆಯ ಹಿರಿಯರಿಗೆ, "ಆಗ್ಲಿ ಬಿಡಿ, ಋಣ ಇರಬೇಕಲ್ಲ" ಎಂದು ಹೇಳಿ ಗೇಟಿನವರೆಗೆ ಹೋಗಿ ಕಳಿಸಿಬಂದರು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಎಂ.ಎ. ಮುಗಿಸಿ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಮದುವೆಯಾಗಲೇಬೇಕೆಂಬ ಆತುರ ನನಗಿರಲಿಲ್ಲ. ಆದರೆ ಮೂರು ಮನೆಯವರೂ ಚಾಮರಾಜಪುರಂನ ನಮ್ಮ ಮನೆಗೆ ಬಂದು, ಉಪ್ಪಿಟ್ಟು ತಿಂದು, ಒಪ್ಪಿಗೆಯೆಂಬಂತೆ ಮಾತಾಡಿ ಹೋಗಿ, ಕೆಲವೇ ದಿನಗಳಲ್ಲಿ ಹಿಂದೆ ಸರಿದಿದ್ದರು. ಪ್ರತಿ ಸಲವೂ ಅಮ್ಮ ನನ್ನ ಮುಖ ನೋಡುವುದನ್ನು ತಪ್ಪಿಸುತ್ತಿದ್ದಳು. ನಾನು ಪದವಿ ಓದುತ್ತಿದ್ದಾಗ ಅವಳು ಮನಸ್ಸಿನ ಕಾಯಿಲೆಯಿಂದ ಕೆಲವು ವಾರ ಆಸ್ಪತ್ರೆಯಲ್ಲಿದ್ದಳು. ಆಮೇಲೆ ಮಾತ್ರೆಗಳಿಂದ ಸುಧಾರಿಸಿಕೊಂಡಿದ್ದಳು. ಎದುರುಮನೆಯವರನ್ನು ಬಿಟ್ಟರೆ ಯಾರಿಗೂ ಅದು ತಿಳಿದಿಲ್ಲವೆಂದು ನಾವು ನಂಬಿದ್ದೆವು. ಸಂಬಂಧಗಳು ಮುರಿಯುವುದಕ್ಕೆ ತಾನೇ ಕಾರಣವೆಂದು ಅಮ್ಮ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಊಟ ಕಡಿಮೆ ಮಾಡಿದ್ದಳು. ನಿಜವಾದ ಕಾರಣ ಬೇರೆಯೆಂದು ತಿಳಿದರೆ ಅವಳಿಗೆ ಹೇಳಬಹುದಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಪತ್ರಿಕೆಯಲ್ಲಿ ಖಾಸಗಿ ಪತ್ತೇದಾರರೊಬ್ಬರ ಜಾಹೀರಾತು ಆಗಾಗ ಬರುತ್ತಿತ್ತು. ಮದುವೆಗೆ ಮುಂಚಿನ ವಿಚಾರಣೆ ಅವರ ಮುಖ್ಯ ಕೆಲಸ. ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರ ಕಚೇರಿ. ಐವತ್ತು ದಾಟಿದ ಮನುಷ್ಯ, ಹಿಂದೆ ವಿಮೆ ಕಂಪನಿಯೊಂದಕ್ಕೆ ತನಿಖೆ ಮಾಡುತ್ತಿದ್ದವರು. ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ ಹೂ ಕಟ್ಟುತ್ತಾ ಕೂತಿದ್ದರು. ನಾನು ವಿಳಾಸ ಬರೆದುಕೊಟ್ಟೆ.

"ಇದು ಹುಡುಗಿ ಮನೆ ವಿಳಾಸ ಅಲ್ವೇನಮ್ಮ? ಹುಡುಗಂದು ಕೊಡಿ."

"ಹುಡುಗ ಇಲ್ಲ. ನನ್ನ ಬಗ್ಗೆಯೇ ವಿಚಾರಿಸಬೇಕು."

ಅವರು ಕನ್ನಡಕ ತೆಗೆದರು. ಹೆಂಡತಿ ನಕ್ಕು, "ನೋಡ್ರೀ, ಇಷ್ಟು ವರ್ಷಕ್ಕೆ ನಮ್ ಮಗನ್ನ ಹುಡುಕ್ಕೊಂಡು ಹೆಣ್ಣೇ ಬಂದ್ಬುಡ್ತು" ಎಂದರು. ಆ ಮಾತು ನನಗೆ ಅರ್ಥವಾಗಲಿಲ್ಲ. ಪತ್ತೇದಾರರೇ ಬಿಡಿಸಿ ಹೇಳಿದರು. ಅವರಿಗೆ ಮಕ್ಕಳಿಲ್ಲ. ಹೆಣ್ಣಿನ ಕಡೆ ವಿಚಾರಿಸಬೇಕಾದಾಗ ಇಬ್ಬರೂ ಗಂಡಿನ ತಂದೆತಾಯಿಯಂತೆ ಹೋಗುತ್ತಾರೆ. ಇಲ್ಲದ ಮಗ ಒಮ್ಮೆ ಇಂಜಿನಿಯರ್, ಒಮ್ಮೆ ಬ್ಯಾಂಕಿನವನು.

"ಹೆಣ್ಣು ಹೆಂಗೆ ಅಂತ ಕೇಳಿದ್ರೆ ಎಲ್ರೂ ಒಳ್ಳೇದೇ ಹೇಳ್ತಾರೆ," ಎಂದರು ಆಕೆ. "ಮದುವೆ ಕೆಡಿಸಿದ ಪಾಪ ಯಾರಿಗೆ ಬೇಕು? ಅದಕ್ಕೇ ನಾನು ಎರಡನೇ ಪ್ರಶ್ನೆ ಕೇಳೋದೇ ಇಲ್ಲ. ಕೊಟ್ಟಿದ್ದು ಕುಡ್ಕೊಂಡು ಕೂತಿರ್ತೀನಿ. ಸುಮ್ಮನಿರೋರ ಮುಂದೆ ಜನಕ್ಕೆ ತಡ್ಕೊಳ್ಳೋಕಾಗಲ್ಲ."

ಅವರು ಬರುವುದು ಒಂದು ಭಾನುವಾರ ಎಂದು ನಿಗದಿಯಾಯಿತು. ನಾನು ಕಿಟಕಿಯ ಬಳಿ ಉತ್ತರಪತ್ರಿಕೆ ತಿದ್ದುವವಳಂತೆ ಕೂತಿದ್ದೆ. ಇಬ್ಬರೂ ಬೀದಿಯ ಆ ತುದಿಯಿಂದ ನಿಧಾನವಾಗಿ ನಡೆದು ಬಂದರು. ಆಕೆ ಅಂಚಿನ ಸೀರೆ ಉಟ್ಟು, ಮುಡಿತುಂಬ ಮಲ್ಲಿಗೆ ಮುಡಿದಿದ್ದರು. ನಮ್ಮ ಮನೆಯನ್ನು ಒಮ್ಮೆ ನೋಡಿ ಎದುರುಮನೆಯ ಗೇಟು ತೆರೆದರು. ಅಲ್ಲಿದ್ದವರನ್ನು ನಾನು ಚಿಕ್ಕಂದಿನಿಂದ ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ನಂಜನಗೂಡಿನ ಕಡೆಯ ಒಕ್ಕಲು ಮನೆತನದವರು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಮಗೆ ಎರಡು ಹೊತ್ತೂ ಅಡುಗೆ ಮಾಡಿ ಕಳಿಸಿದ್ದು ಅವರೇ.

ನಾನೊಂದು ವಿಷಯ ಯೋಚಿಸಿರಲಿಲ್ಲ. ಅಮ್ಮನೂ ಅವರನ್ನು ನೋಡಿದ್ದಳು.

"ನಿನ್ನನ್ನೇ ವಿಚಾರಿಸೋಕೆ ಬಂದಿರಬೇಕು ಕಣೆ. ನೋಡಿದ್ರೆ ಸ್ಥಿತಿವಂತರ ಥರ ಕಾಣ್ತಾರೆ."

"ಯಾರೋ ನೆಂಟರಿರಬೇಕಮ್ಮ."

"ನೆಂಟರಾದ್ರೆ ನಮ್ಮನೆ ಯಾಕೆ ನೋಡ್ತಾರೆ?"

ಅವಳು ಒಳಗೆ ಹೋಗಿ ತಲೆ ಬಾಚಿ, ವಿಭೂತಿ ಹಚ್ಚಿ, ಒಳ್ಳೆಯ ಸೀರೆ ಉಟ್ಟು ಬಂದಳು. ನಡುಮನೆಯ ಕುರ್ಚಿಗಳನ್ನು ಒರೆಸಿದಳು. ಅವರು ಎದುರುಮನೆಯಿಂದ ಹೊರಬಂದು ಬಂದ ದಾರಿಯಲ್ಲೇ ಹಿಂತಿರುಗಿದರು. ಅಮ್ಮ ಕತ್ತಲಾಗುವವರೆಗೂ ಆ ಸೀರೆ ಬಿಚ್ಚಲಿಲ್ಲ.

ಮರುದಿನ ಕಚೇರಿಯಲ್ಲಿ ಆಕೆ ನನಗೆ ದೊಡ್ಡಮ್ಮನ ಮಾತನ್ನು ಅವರ ದನಿಯಲ್ಲೇ ಒಪ್ಪಿಸಿದರು. ಮೊದಲು ನನ್ನನ್ನು ಹೊಗಳಿದ್ದರು. ತಲೆ ಎತ್ತಿ ಯಾರನ್ನೂ ನೋಡದ ಹುಡುಗಿ, ಓದಿದ್ದೀನಿ ಅನ್ನೋ ಜಂಬ ಇಲ್ಲ. ಆಮೇಲೆ, ಯಾರೂ ಕೇಳದೆಯೇ, ದನಿ ತಗ್ಗಿಸಿದ್ದರು.

"ಅವರಮ್ಮಂಗೆ ತಲೆ ಕೆಟ್ಟಿತ್ತು ಅಂತ ಯಾರಾನ ಏಳುದ್ರೆ ನಂಬ್ಬ್ಯಾಡಿ ಕಣಮ್ಮ. ಅಂಗೇನೂ ಇಲ್ಲ. ಒಂದಷ್ಟು ದಿನ ಆಸ್ಪತ್ರೆಲಿದ್ರು, ಅಷ್ಟೇಯ. ಈಗ ಎಲ್ಲಾ ಸರ್ಯಾಗ್ಬುಟ್ಟೈತೆ. ಇದ್ಕೆ ಮುಂಚೆ ಬಂದೋರ್ಗೂ ನಾನು ಬಾಯ್ ಬಡ್ಕೊಂಡು ಇದ್ನೇ ಏಳ್ದೆ."

ಬೀದಿಯಲ್ಲಿ ಬೇರೆ ಯಾರಿಗೂ ವಿಷಯ ಗೊತ್ತಿರಲಿಲ್ಲ. ಹಿಂತಿರುಗುವ ದಾರಿಯಲ್ಲಿ ಆ ದಂಪತಿ ಇನ್ನೂ ನಾಲ್ಕೈದು ಮನೆಗಳಲ್ಲಿ ಕೂತಿದ್ದರು. ಎಲ್ಲೂ ಆ ಮಾತು ಬಂದಿರಲಿಲ್ಲ.

"ಆಯಮ್ಮಂಗೆ ನಿಮ್ಮ ಮೇಲೆ ಪ್ರಾಣ," ಎಂದರು ಆಕೆ. ಅಂದು ನಗಲಿಲ್ಲ. ಪತ್ತೇದಾರರು, "ಬೇಕಾದ್ರೆ ನಾನೇ ಹೋಗಿ ಸೂಕ್ಷ್ಮವಾಗಿ ತಿಳಿಸಿಬರ್ತೀನಿ" ಎಂದರು. ಬೇಡವೆಂದೆ. ತನ್ನ ಮಾತಿನಿಂದಲೇ ಹೀಗಾಯಿತೆಂದು ತಿಳಿದರೆ ದೊಡ್ಡಮ್ಮ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಅಮ್ಮನಿಗೆ ಉಳಿದಿದ್ದ ಗೆಳತಿ ಅವರೊಬ್ಬರೇ.

ಒಂದು ವಾರ ಸುಮ್ಮನಿದ್ದೆ. ಅಮ್ಮ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಮಲ್ಲಿಗೆ ಮುಡಿದಿದ್ರಲ್ಲ, ಅವರೂ ಬೇಡ ಅಂದ್ರಾ?" ಇಲ್ಲದ ಹುಡುಗನೂ ನನ್ನನ್ನು ನಿರಾಕರಿಸಿದ ಹಾಗಾಗಿತ್ತು. ಅದರ ಭಾರವನ್ನೂ ಅವಳೇ ಹೊರುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ, ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ, ಎಲ್ಲವನ್ನೂ ಹೇಳಿದೆ. ಆ ದಂಪತಿ ಯಾರು, ನಾನೇಕೆ ಕಳಿಸಿದೆ, ದೊಡ್ಡಮ್ಮ ಏನೆಂದರು. ಕಾರಣ ಬೇರೆಯೇ ಇರಲಿ ಎಂದು ಆಸೆಪಟ್ಟಿದ್ದೆ ಎಂಬುದನ್ನೂ ಹೇಳಿದೆ.

ಅಮ್ಮನ ಕೈ ನಿಲ್ಲಲಿಲ್ಲ. ಬಿಡಿಸುತ್ತಲೇ ಕೇಳಿದಳು, "ನಿನ್ನ ದೊಡ್ಡಮ್ಮಂಗೇನೂ ಅನ್ನಲಿಲ್ಲ ತಾನೆ?"

"ಇಲ್ಲ."

"ಅನ್ನಬೇಡ. ನನ್ನನ್ನ ಕಾಪಾಡೋಕೆ ಹೋಗಿ ಹೇಳಿದಾಳೆ."

ಮುಂದಿನ ಸಂಬಂಧ ಒಂಟಿಕೊಪ್ಪಲಿನದು. ಹುಡುಗ, ಅವನ ತಂದೆ, ತಾಯಿ ಬಂದಿದ್ದರು. ನಾನು ಕಾಫಿ ಕೊಟ್ಟು ಕೂತಿದ್ದೆ. ಹುಡುಗನ ತಾಯಿ ವಾಡಿಕೆಯಂತೆ, "ಎಲ್ಲರೂ ಆರೋಗ್ಯವಾಗಿದೀರಲ್ಲ?" ಎಂದರು. ಅಪ್ಪ ಹೂಂ ಎನ್ನುವಷ್ಟರಲ್ಲಿ ಅಮ್ಮ ಮಾತು ತೆಗೆದುಕೊಂಡಳು.

"ನನಗೆ ಹುಷಾರಿರಲಿಲ್ಲ. ಮನಸ್ಸಿನ ಕಾಯಿಲೆ. ಆಸ್ಪತ್ರೆಲಿದ್ದೆ. ಈಗಲೂ ಮಾತ್ರೆ ತಗೋತೀನಿ. ಬೇರೆಯವರನ್ನ ಕೇಳೋ ಬದಲು ನನ್ನನ್ನೇ ಕೇಳಿ."

ಅಪ್ಪ ನೆಲ ನೋಡಿದರು. ಆ ತಾಯಿ ತಮ್ಮ ಗಂಡನ ಕಡೆ, ಆಮೇಲೆ ಮಗನ ಕಡೆ ನೋಡಿದರು. ಆ ತಾಯಿಯ ಕಣ್ಣು ತುಂಬಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ.

"ನೀವು ಇಷ್ಟು ನೇರವಾಗಿ ಹೇಳಿದ್ಮೇಲೆ ನಾನು ಸುಳ್ಳು ಹೇಳಬಾರದು," ಎಂದರು. "ಹುಡುಗಿ ನಮಗೆ ಹಿಡಿಸಿದಾಳೆ. ಆದರೆ ನನಗೆ ಧೈರ್ಯ ಸಾಲ್ತಿಲ್ಲ ಕಣ್ರೀ. ನಮ್ಮ ಅತ್ತಿಗೆಗೂ ಹೀಗೇ ಆಗಿರೋದನ್ನ ನೋಡಿದೀನಿ, ಅದಕ್ಕೇ ಭಯ."

ಅಮ್ಮ ತಲೆಯಾಡಿಸಿದಳು. "ಇಲ್ಲೇ ಹೇಳಿದ್ರಲ್ಲ, ಒಳ್ಳೇದಾಯ್ತು," ಎಂದಳು. ಅವರು ಏಳಲು ಹೋದಾಗ ಕೈಸನ್ನೆಯಿಂದ ಕೂರಿಸಿದಳು. "ಕಾಫಿ ಆರಿಹೋಗಿದೆ. ಇವಳು ಬಿಸಿ ಮಾಡ್ಕೊಂಡು ಬರ್ತಾಳೆ, ಕುಡಿದು ಹೋಗಿ."

ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ನಡುಮನೆಯಿಂದ ಅಮ್ಮನ ದನಿ ಕೇಳುತ್ತಿತ್ತು. ಆ ಅತ್ತಿಗೆ ಯಾವ ಡಾಕ್ಟರಿಗೆ ತೋರಿಸುತ್ತಿದ್ದಾರೆ, ಮಾತ್ರೆ ತಪ್ಪಿಸುವುದಿಲ್ಲ ತಾನೆ, ನಿದ್ದೆ ಬರುತ್ತದೆಯೇ ಎಂದು ಅವಳು ಒಂದೊಂದಾಗಿ ವಿಚಾರಿಸುತ್ತಿದ್ದಳು.