ಗಣಪತಿಯ ಮನೆಯ ಗಂಜಿ

ಸಿಟ್ಟು ಇನ್ನೂ ಇಳಿದಿಲ್ಲ, ಬಸ್ಸಿನಲ್ಲಿ ಕುಳಿತೇ ಬರೆಯುತ್ತಿದ್ದೇನೆ. ನೀಲಗಿರಿಯ ನಮ್ಮೂರು ಹುಬ್ಬತಲೈಯ ಚಹಾ ತೋಟ ಬಿಟ್ಟು ಮೊದಲ ಸಲ ಕಡಲಿಗೆ ಬಂದ ನಾನೂ ಅಕ್ಕನೂ ಬೆಳಿಗ್ಗೆ ನೀರಿನಡಿಗೆ ಇಳಿದು ಹಳದಿ ಮೀನುಗಳನ್ನು ನೋಡಿ ಬಂದೆವು. ಡೈವಿಂಗ್ ಕಲಿಸುವ ಗಣಪತಿ ಕೊನೆಯವರೆಗೂ ನನ್ನ ಕೈ ಬಿಡಲಿಲ್ಲ.

ಅದೇ ಟಿಕೆಟ್ಟಿನಲ್ಲಿ ಮಧ್ಯಾಹ್ನ ‘ಹಳ್ಳಿಯ ಸಂಸ್ಕೃತಿ’ಯೂ ಸೇರಿತ್ತು. ಗೈಡ್ ನಮ್ಮ ಹತ್ತು ಮಂದಿಯನ್ನು ಮೀನುಗಾರರ ಕೇರಿಯಲ್ಲಿ ಗಣಪತಿಯ ಮನೆಗೇ ಕರೆದೊಯ್ದು, ಕೇಳದೆಯೇ ಒಳಗೆ ನುಗ್ಗಿಸಿದ. ಗಣಪತಿಯ ತಾಯಿ ಗಂಜಿ ಉಣ್ಣುತ್ತಿದ್ದರು.

“ಅಮ್ಮ, ಮೀನಿನ ಬುಟ್ಟಿ ತಲೆ ಮೇಲೆ ಇಟ್ಕೊಂಡು ಸ್ವಲ್ಪ ನಗಿ,” ಎಂದ ಗೈಡ್.

ಆಕೆ ತುತ್ತು ಬಿಟ್ಟು ಏಳಹೊರಟರು. ನನಗೆ ಮೈಯೆಲ್ಲ ಉರಿಯಿತು.

“ಉಣ್ಣೋರನ್ನ ಎಬ್ಬಿಸ್ತಾರಾ?” ಎಂದೆ.

“ಅವರಿಗೆ ಅಭ್ಯಾಸ ಆಗಿದೆ ಮೇಡಂ.”

“ಅಭ್ಯಾಸ ಅಲ್ಲ ತಂಗಿ,” ಎಂದರು ಆಕೆ ಮೆಲ್ಲಗೆ. “ನಾ ಇಲ್ಲ ಅಂದ್ರೆ ಇವ್ರು ಮಗನ್ನ ಬೋಟಿನ ಕೆಲಸಕ್ಕೆ ಕರೆಯೂದಿಲ್ಲ.”

ಗೈಡ್ ಗಡಿಯಾರ ನೋಡಿಕೊಂಡ. ಅಷ್ಟರಲ್ಲಿ ಅಕ್ಕ ಆಕೆಯ ಪಕ್ಕ ನೆಲದ ಮೇಲೆ ಕುಳಿತು, “ನನಗೂ ಒಂದು ತಟ್ಟೆ ಗಂಜಿ ಹಾಕಮ್ಮ,” ಎಂದಳು. ಊಟಕ್ಕೆ ಕುಳಿತ ನೆಂಟರನ್ನು ಬಿಟ್ಟು ಏಳುವುದಾದರೂ ಹೇಗೆ? ಆಕೆ ಬಡಿಸಿದರು. ಫೋಟೋ ತೆಗೆಯಲು ಫೋನು ಹಿಡಿದು ನಿಂತಿದ್ದವರು ಒಬ್ಬೊಬ್ಬರಾಗಿ ಹೊರಗೆ ಸರಿದರು.

“ನಿಮ್ಮೂರಿಗೆ ಹೀಗೆ ಯಾರೂ ಬರೂದಿಲ್ವಾ?” ಎಂದು ಆಕೆ ಕೇಳಿದರು.

“ನಂಗ ಹಟ್ಟಿಗೂ, ನಮ್ಮೂರಿಗೂ ಬರ್ತಾರೆ,” ಎಂದಳು ಅಕ್ಕ. “ಎಲೆ ಕಿತ್ತು ಸುಸ್ತಾಗಿ ಕೂತಿದ್ರೂ ಎಬ್ಬಿಸಿ, ಬೆನ್ನಿಗೆ ಬುಟ್ಟಿ ಹಾಕಿ ನಿಲ್ಲಿಸ್ತಾರೆ. ನಾನೂ ನಗ್ತೇನೆ.”