ಕಣ್ಣು ಮುಚ್ಚಿ ಎತ್ತಿದ ಕಾಲು

ಬೆಳಿಗ್ಗೆ ಮೈದಾನದ ಪಕ್ಕ ಬರುವಾಗ ಮಕ್ಕಳು ಸಾಲಾಗಿ ನಿಂತು ಪಾದ ತಿರುಗಿಸುತ್ತಿದ್ದರು. ಶೆಟ್ಟಿಕೆರೆಯಲ್ಲಿ ಓದುವಾಗ ನಮಗಿದ್ದ ಪಿ.ಟಿ. ಮೇಷ್ಟ್ರು ನೆನಪಾದರು.

ನಾನು ಖೋ-ಖೋ ತಂಡದಲ್ಲಿದ್ದೆ. ಒಂದು ದಿನ ಮೇಷ್ಟ್ರು ನನ್ನನ್ನು ಜಗಲಿಯ ಅಂಚಿನಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಬಲಗಾಲನ್ನು ಅರ್ಧಕ್ಕೆ ಎತ್ತಿ ಹಿಡಿದರು.

"ಎಡಗಾಲ್ನೂ ಇಷ್ಟೇ ಎತ್ತು."

ಎತ್ತಿದೆ. ಕಣ್ಣು ಬಿಟ್ಟರೆ ಎಡಗಾಲು ಒಂದು ಗೇಣು ಕೆಳಗಿತ್ತು. ಗೆಳತಿಯರು ನಕ್ಕರು. ಎರಡೂ ಸಮ ಇವೆಯೆಂದು ಆಣೆ ಮಾಡಲು ಸಿದ್ಧಳಿದ್ದೆ ನಾನು. ಮೇಷ್ಟ್ರು ಮೂರು ಸುತ್ತು ಓಡಿಸಿ ಮತ್ತೆ ಕೂರಿಸಿದರು. ಈ ಸಲ ಸಮವಾಗಿಯೇ ಇದ್ದವು.

"ನೋಡ್ದೆ ಕಾಲಿಗೆ ಹೆಂಗ್ ಗೊತ್ತಾಯ್ತು ಸಾರ್?"

"ಮೈ ಬಿಸಿಯಾದ್ರೆ ಕೀಲಿಗೆ ಎಚ್ಚರ ಬತ್ತದೆ ಕಣಮ್ಮ."

ತಾಲ್ಲೂಕು ಪಂದ್ಯದ ದಿನ ಬಸ್ಸು ತಡವಾಗಿ, ಇಳಿದವರೇ ಆಟಕ್ಕೆ ನಿಂತೆವು. ಕಂಬ ಸುತ್ತುವಾಗ ನನ್ನ ಪಾದ ಹೊರಳಿತು. ಸೋತೆವು.

"ಮೈ ಬಿಸಿ ಮಾಡಿಸ್ನಿಲ್ಲ, ತಪ್ಪು ನಂದೇ ಬುಡು," ಎಂದರು ಮೇಷ್ಟ್ರು. ಅವ್ವ ತಿಂಗಳುಗಟ್ಟಲೆ ಬಿಸಿ ಕೊಬ್ಬರಿ ಎಣ್ಣೆ ತಿಕ್ಕಿದಳು.

ಮರುವರ್ಷ ಅರ್ಧ ಗಂಟೆ ಓಡಿ, ಕೀಲುಗಳನ್ನೆಲ್ಲ ತಿರುಗಿಸಿ ಆಟಕ್ಕಿಳಿದೆ. ಕಂಬದ ಬಳಿ ಅದೇ ಪಾದ ಮತ್ತೆ ಹೊರಳಿತು. ಮೇಷ್ಟ್ರು ಅದನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೀಲನ್ನು ಮೆಲ್ಲಗೆ ಒತ್ತಿ ನೋಡಿದರು.

"ಎಚ್ಚರ ಬಂದಿತ್ತಲ್ಲ ಸಾರ್?" ಅಳುತ್ತ ಕೇಳಿದೆ.

"ನಂಗೂ ತಿಳೀತಿಲ್ಲ ಕಣಮ್ಮ."

ಎಲ್ಲ ಗೊತ್ತಿದ್ದ ಮೇಷ್ಟ್ರು ಹಾಗಂದದ್ದು ನೋವಿಗಿಂತ ಹೆಚ್ಚಾಗಿ ನನ್ನನ್ನು ತಬ್ಬಿಬ್ಬು ಮಾಡಿತು. ಇವತ್ತಿಗೂ ಮೆಟ್ಟಿಲಿಳಿಯುವಾಗ ಆ ಕಾಲನ್ನು ಎಲ್ಲಿಟ್ಟೆನೆಂದು ಬಗ್ಗಿ ನೋಡಿಕೊಳ್ಳುತ್ತೇನೆ.