ಒಂದೂವರೆ ನೂಲು

ಹಳೆಯ ಕ್ಯಾಲೆಂಡರಿನ ಬೆನ್ನಿನಷ್ಟು ಬೆಳ್ಳಗಿರುವ ಗಟ್ಟಿ ಕಾಗದ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ ಕಾಣೆ. ಮುಂಭಾಗದಲ್ಲಿ ದೇವರ ಚಿತ್ರ, ರಾಹುಕಾಲ, ಅಮಾವಾಸ್ಯೆ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನಕ್ಕೆ ಹೆಂಡತಿ ಹಾಕಿದ ಸುತ್ತು, ಇವೆಲ್ಲ ತುಂಬಿಕೊಂಡಿದ್ದರೂ ಹಿಂಭಾಗ ಮಾತ್ರ ವರ್ಷವಿಡೀ ಗೋಡೆಗೆ ಮುಖವಿಟ್ಟು ನಿಷ್ಕಳಂಕವಾಗಿ ಉಳಿದುಬಿಡುತ್ತದೆ. ಜನವರಿಯ ಮೊದಲ ವಾರ ಹೊಸ ಕ್ಯಾಲೆಂಡರು ಗೋಡೆ ಏರಿದ ಮೇಲೆ ಹಳೆಯದನ್ನು ನಾನು ಬೋರಲು ಹಾಕಿಕೊಂಡು ಕೂರುತ್ತೇನೆ. ಆ ವರ್ಷ ಕಟ್ಟಬೇಕಾದ ರೈಲ್ವೆ ಇಂಜಿನುಗಳ ಪಟ್ಟಿಯನ್ನು ಅದರ ಮೇಲೆ ಬರೆಯುತ್ತೇನೆ.

ಇಂಜಿನು ಎಂದ ಕೂಡಲೇ ಗಾಬರಿಯಾಗಬೇಡಿ. ಹೆಚ್ಚೆಂದರೆ ಮೊಳದುದ್ದದವು, ಊಟದ ಮೇಜಿನ ಮೇಲೆ ಓಡಿ ಉಪ್ಪಿನಕಾಯಿ ಭರಣಿಗೆ ಡಿಕ್ಕಿ ಹೊಡೆಯುವಂಥವು. ನಾನು ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವನು. ಹೆಗಲಿಗೆ ಸುತ್ತಿಗೆ ಮತ್ತು ಸ್ಪ್ಯಾನರು ಏರಿಸಿಕೊಂಡು ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ ದಿನವೂ ಹಳಿಯ ಜೊತೆ ನಡೆಯುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು, ಎರಡು ಹಳಿಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ವರದಿ ಮಾಡುವುದು ನನ್ನ ಕೆಲಸವಾಗಿತ್ತು. ಮೂರು ದಶಕಕ್ಕೂ ಮೇಲೆ ಇಂಜಿನುಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತವನಿಗೆ, ನಿವೃತ್ತನಾದ ಮೇಲಾದರೂ ಅವು ನನ್ನ ಮಾತು ಕೇಳುವ ಗಾತ್ರದಲ್ಲಿರಲಿ ಎಂಬ ಆಸೆ ಹುಟ್ಟಿದರೆ ತಪ್ಪಲ್ಲ ತಾನೆ?

ಪಟ್ಟಿ ಮಾಡುವುದರಲ್ಲಿ ಮಾತ್ರ ನಾನು ಇಲಾಖೆಯ ಮನುಷ್ಯನಾಗಿಯೇ ಉಳಿದೆ. ಮೀಟರ್ ಗೇಜ್ ಕಾಲದ ಹಬೆ ಇಂಜಿನು ಒಂದು, ಯಾರ್ಡಿನಲ್ಲಿ ಡಬ್ಬಿಗಳನ್ನು ತಳ್ಳಾಡುವ ಡೀಸೆಲ್ ಒಂದು, ಈಗಿನ ಕರೆಂಟು ಇಂಜಿನು ಒಂದು, ಸಾಹೇಬರನ್ನು ಕೂರಿಸಿಕೊಂಡು ಬೆವರು ಸುರಿಸುತ್ತ ತಳ್ಳುತ್ತಿದ್ದೆವಲ್ಲ, ಆ ಟ್ರಾಲಿ ಒಂದು. ಇವಕ್ಕೆ ಫೆಬ್ರವರಿಯೊಳಗೆ ನಕ್ಷೆ, ಯುಗಾದಿಯೊಳಗೆ ತಗಡಿನ ಕೆಲಸ, ಆಷಾಢಕ್ಕೆ ಗಾಲಿ, ದಸರೆಗೆ ಬಣ್ಣ ಎಂದು ಗಡುವು. ಬಾಯ್ಲರಿಗೆ ನೀರಿನ ಪೈಪಿನ ತುಂಡು, ಮೈಗೆ ಎಣ್ಣೆ ಡಬ್ಬದ ತಗಡು, ಬಾಯ್ಲರಿನ ಮೇಲಿನ ಗುಮ್ಮಟಕ್ಕೆ ಸ್ಟೀಲ್ ಲೋಟದ ತಳ. ನನ್ನ ಹೆಂಡತಿ ಜಯಮ್ಮನ ತಕರಾರು ಈ ಕೊನೆಯದರ ಬಗ್ಗೆ. “ಪಟ್ಟಿ ಬರಿಯೋದ್ರಲ್ಲಿ ಸರ್ಕಾರನೇ ಮೀರಿಸ್ಬುಟ್ರಿ ನೀವು. ನಾಲ್ಕು ಇಂಜಿನ್ನು ಬರೀತೀರಿ, ಒಂದು ಕಟ್ತೀರಿ. ಅದ್ಯಾಕೋ ಕಾಣೆ, ಲೋಟ ಮಾತ್ರ ನಾಲ್ಕೂ ಹೋಯ್ತವೆ!” ಎನ್ನುತ್ತಾಳೆ.

ಈ ವರ್ಷದ ಹಾಳೆಯಲ್ಲಿ ಒಂದು ಇಂಜಿನಿನ ಹೆಸರೂ ಬರಲಿಲ್ಲ. ಪೆನ್ನು ಹಿಡಿದು ಬಹಳ ಹೊತ್ತು ಕೂತು, ಕೊನೆಗೆ “ಆಚಾರಿಯ ಹತ್ತಿರ ಹೋಗಬೇಕು” ಎಂದಷ್ಟೇ ಬರೆದೆ. ಆರು ವರ್ಷಗಳಿಂದ ಪ್ರತಿ ಜನವರಿಯಲ್ಲೂ ಬರೆಯಬೇಕಾಗಿದ್ದ ಸಾಲು ಅದು. ಅದನ್ನು ಬರೆಯದಿರುವುದಕ್ಕೆಂದೇ ಅಷ್ಟೊಂದು ಇಂಜಿನುಗಳ ಹೆಸರನ್ನು ಬರೆಯುತ್ತಿದ್ದೆನೇನೋ ಎಂದು ಈಗ ಅನಿಸುತ್ತದೆ.

ವೀರಭದ್ರಾಚಾರಿ ನಾಗಮಂಗಲದ ಎರಕದವನು. ನನ್ನದು ಹೊಣಕೆರೆ ಕಡೆಯ ಹಳ್ಳಿ. ಹೈಸ್ಕೂಲಿಗೆ ನಾಗಮಂಗಲಕ್ಕೆ ನಡೆದು ಹೋಗುತ್ತಿದ್ದಾಗ ನಾವಿಬ್ಬರೂ ಒಂದೇ ಬೆಂಚು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹಳಿಯ ಪಾಲಾದೆ, ಅವನು ನಡುವೆಯೇ ಬಿಟ್ಟು ತಂದೆಯ ಕುಲುಮೆಯ ಮುಂದೆ ಕುಳಿತ. ದೀಪ, ಗಂಟೆ, ಉತ್ಸವಮೂರ್ತಿ ಎಲ್ಲವೂ ಅವನ ಕೈಯಲ್ಲಿ ಹುಟ್ಟುತ್ತಿದ್ದವು. ನನ್ನ ಇಂಜಿನುಗಳ ಗಾಲಿಗಳನ್ನು ಅವನೇ ಹಿತ್ತಾಳೆಯಲ್ಲಿ ಎರಕ ಹೊಯ್ದು ಕೊಡುತ್ತಿದ್ದ. “ದೇವ್ರನ್ನ ಹುಯ್ಯೋ ಕೈಲಿ ನಿನ್ನ ಗೊಂಬೆ ಗಾಡಿ ಹುಯ್ಯಿಸ್ತೀಯಲ್ಲೋ” ಎಂದು ಬೈಯುತ್ತಲೇ, ದೇವರಿಗೆ ಕೊಡುವಷ್ಟೇ ಗಮನವನ್ನು ಅವಕ್ಕೂ ಕೊಡುತ್ತಿದ್ದ.

ಆರು ವರ್ಷದ ಹಿಂದೆ ನನಗೆ ದೊಡ್ಡ ಹಬೆ ಇಂಜಿನು ಕಟ್ಟುವ ಹುಮ್ಮಸ್ಸು ಬಂತು. ಮೂರು ಜೊತೆ ಗಾಲಿ, ಅವನ್ನೆಲ್ಲ ಹೊರುವ ಹಿತ್ತಾಳೆಯ ಚೌಕಟ್ಟು, ಗಾಲಿಗಳನ್ನು ಒಂದಕ್ಕೊಂದು ಬಿಗಿದು ಒಟ್ಟಿಗೆ ತಿರುಗಿಸುವ ಉಕ್ಕಿನ ರಾಡು, ಹಬೆಯ ಬದಲು ಒಳಗೊಂದು ಸಣ್ಣ ಮೋಟಾರು. ಮೊದಲ ಗಾಲಿಯಿಂದ ಕೊನೆಯ ಗಾಲಿಗೆ ಸರಿಯಾಗಿ ಒಂದು ಅಡಿ. ಚೌಕಟ್ಟಿನ ಮಾದರಿಯನ್ನು ಮರದಲ್ಲಿ ನಾನೇ ಕೆತ್ತಿದೆ. ಆ ಮಾದರಿಯನ್ನು ಮಣ್ಣಿನಲ್ಲಿ ಒತ್ತಿ ತೆಗೆದು, ಉಳಿದ ಪೊಳ್ಳಿಗೆ ಆಚಾರಿ ಹಿತ್ತಾಳೆ ಹೊಯ್ಯಬೇಕು. ನಿಮಗೆ ತಿಳಿದಿರಲಿ, ಕರಗಿದ ಹಿತ್ತಾಳೆ ಆರುವಾಗ ಕುಗ್ಗುತ್ತದೆ; ಒಂದು ಅಡಿಗೆ ಹತ್ತಿರ ಹತ್ತಿರ ಒಂದೂವರೆ ನೂಲು. ಒಂದು ಅಂಗುಲಕ್ಕೆ ಎಂಟು ನೂಲು ಎಂಬುದು ಬಡಗಿ, ಗಾರೆಯವರ ಬಾಯಲ್ಲಿರುವ ಲೆಕ್ಕ. ಆದ್ದರಿಂದ ಎರಕಕ್ಕೆ ಮಾದರಿ ಕೆತ್ತುವವರು ಅಷ್ಟನ್ನು ಮೊದಲೇ ಹೆಚ್ಚಿಗೆ ಇಟ್ಟಿರಬೇಕು.

ಮಾದರಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ಆಚಾರಿ ಕೇಳಿದ್ದ: “ಕುಗ್ಗೋದಕ್ಕೆ ಬುಟ್ಟಿದ್ದೀಯೇನ್ಲಾ ನಿಂಗ?”

ಬಿಟ್ಟಿರಲಿಲ್ಲ. ಗಾಲಿಯಂಥ ಸಣ್ಣ ಎರಕದಲ್ಲಿ ಆ ವ್ಯತ್ಯಾಸ ಕಣ್ಣಿಗೆ ಬೀಳುತ್ತಿರಲಿಲ್ಲವಾದ್ದರಿಂದ ಅಂಥದ್ದೊಂದು ನಿಯಮ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಏನು ಕುಗ್ಗುತ್ತದೆ ಎಂದು ಕೇಳಿದ್ದರೆ ಅವನು ಹೇಳಿಕೊಡುತ್ತಿದ್ದ. ಆದರೆ ಹಳಿ ಅಳೆದು ತಲೆ ಹಣ್ಣಾದ ನಾನು ಕುಲುಮೆಯವನ ಮುಂದೆ ಅಳತೆಯ ಪಾಠ ಹೇಳಿಸಿಕೊಳ್ಳುವುದೇ? “ಎಲ್ಲಾ ಲೆಕ್ಕ ಹಾಕಿವ್ನಿ ಕಣ್ಲಾ, ನೀನು ಹುಯ್ಯಿ ಅಷ್ಟೇ” ಎಂದುಬಿಟ್ಟೆ.

ಅವನು ಹೊಯ್ದ. ಚೌಕಟ್ಟು ಬಂದಾಗ, ಒಂದು ಅಡಿಯ ಲೆಕ್ಕಕ್ಕೆ ನಾನು ಮೊದಲೇ ಕೊರೆದಿಟ್ಟಿದ್ದ ರಾಡಿನ ತೂತುಗಳು ಗಾಲಿಯ ಗೂಟಗಳಿಗೆ ಕೂಡಲಿಲ್ಲ. ನಾಳೆಯೇ ಪಾಂಡವಪುರದ ಹೈಸ್ಕೂಲೊಂದರಲ್ಲಿ ವಸ್ತು ಪ್ರದರ್ಶನ. ನನ್ನ ಇಂಜಿನಿಗೆ ನಡುಮೇಜು ಕೊಟ್ಟಿದ್ದಾರೆ. ಅರ ಹಾಕಿ ತೂತುಗಳನ್ನು ಅಗಲಿಸಿ, ಹೇಗೋ ತುರುಕಿ, ಮೇಲೆ ಕಪ್ಪು ಬಣ್ಣ ಬಳಿದು ತೆಗೆದುಕೊಂಡು ಹೋದೆ.

ಪ್ರದರ್ಶನ ನಡೆಸುತ್ತಿದ್ದವರು ನಿವೃತ್ತ ಉಪಾಧ್ಯಾಯರಾದ ಪುಟ್ಟಸ್ವಾಮಿ ಮೇಷ್ಟ್ರು. ಅವರು ಕೆ.ಆರ್. ಪೇಟೆ ಕಡೆಯವರು, ತಮ್ಮೂರಿನ ದೇವಸ್ಥಾನಕ್ಕೆ ದೊಡ್ಡ ಗಂಟೆಯೊಂದನ್ನು ಮಾಡಿಸಬೇಕೆಂದು ಆಚಾರಿಯ ಹತ್ತಿರ ಮಾತಾಡಿದ್ದರು. ಅಷ್ಟು ದೊಡ್ಡ ಗಂಟೆ ಅವನ ಜೀವಮಾನದಲ್ಲಿ ಅದೇ ಮೊದಲು. ಮೇಷ್ಟ್ರ ಜೊತೆ ಅದನ್ನು ಪಕ್ಕಾ ಮಾಡಿಕೊಂಡು ಹೋಗಲೆಂದು, ಮಡಿ ಪಂಚೆ ಉಟ್ಟು ಅವನೂ ಅಂದು ಬಂದಿದ್ದ. ಎಲ್ಲರ ಎದುರಿಗೆ ನಾನು ಸ್ವಿಚ್ಚು ಒತ್ತಿದೆ. ಇಂಜಿನು ಅರ್ಧ ಸುತ್ತು ತಿರುಗಿ, ಕುಂಟಿ, ಕಚ್ಚಿಕೊಂಡು ನಿಂತಿತು. ಒಳಗಿನ ಮೋಟಾರು ಸುಟ್ಟು ಹೊಗೆ ಬಂತು. “ಓ, ಹಬೆ ಇಂಜಿನ್ನೇ ಕಣ್ರಪ್ಪಾ, ಹೊಗೆ ಬತ್ತಾ ಅದೆ!” ಎಂದು ಯಾರೋ ಕೂಗಿದರು. ಕೋಣೆಗೆ ಕೋಣೆಯೇ ನಕ್ಕಿತು.

ಆ ನಗೆಯಿಂದ ಪಾರಾಗಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. “ನನ್ನ ಅಳತೆ ಸರಿಯಾಗೇ ಇದೆ ಮೇಷ್ಟ್ರೇ. ಆಚಾರಿ ಎರಕ ಕೆಟ್ಟದೆ” ಎಂದೆ.

ಆಚಾರಿ ಮೂರು ಮಾರು ದೂರದಲ್ಲಿ ನಿಂತಿದ್ದ. ನನ್ನನ್ನು ನೋಡಿದ. ಮೇಷ್ಟ್ರು ಅವನನ್ನು ನೋಡಿದರು. ಅವನು ಹೆಗಲಿನ ವಲ್ಲಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಸ್ಸಿನ ಕಡೆಗೆ ನಡೆದ. ಗಂಟೆಯನ್ನು ಮೇಷ್ಟ್ರು ಬೇರೆ ಊರಿನಲ್ಲಿ ಮಾಡಿಸಿದರೆಂದು ಆಮೇಲೆ ಕೇಳಿದೆ.

ಇಷ್ಟೇ ಆಗಿದ್ದರೆ ಅಜ್ಞಾನದ ಅಪರಾಧವೆಂದು ಮನಸ್ಸನ್ನು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಮರುವಾರವೇ ನಾನು ಚೌಕಟ್ಟನ್ನು ಮರದ ಮಾದರಿಯ ಮೇಲಿಟ್ಟು ನೋಡಿದೆ. ಅಡಿಗೆ ಒಂದೂವರೆ ನೂಲು ಚಿಕ್ಕದು. ಆಗ ಅವನ ಪ್ರಶ್ನೆ ಕಿವಿಯಲ್ಲಿ ಮತ್ತೆ ಕೇಳಿಸಿತು, ಅದರ ಅರ್ಥವೂ ಆಯಿತು. ಇಂಜಿನನ್ನೂ ಮಾದರಿಯನ್ನೂ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಅಂದಿನಿಂದ ತಗಡಿನ ಗಾಲಿಯ, ಮರದ ಗಾಲಿಯ, ಓಡದ ಇಂಜಿನುಗಳನ್ನೇ ಕಟ್ಟುತ್ತ ಬಂದೆ. ಅಂದರೆ ಆರು ವರ್ಷ ನಾನು ತಿಳಿದೂ ಸುಮ್ಮನಿದ್ದೆ. ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಬರೆದಿದ್ದೇನೆ.

ಈ ಜನವರಿಯಲ್ಲಿ ಹಾಳೆಯ ಮೇಲೆ ಆ ಒಂದು ಸಾಲು ಬರೆದ ಮರುದಿನ ಬೆಳಿಗ್ಗೆ ನಾಗಮಂಗಲದ ಬಸ್ಸು ಹತ್ತಿದೆ. ಪಾಂಡವಪುರ ದಾಟುವವರೆಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ, ನಾಗಮಂಗಲ ಬರುವಷ್ಟರಲ್ಲಿ ಎಲ್ಲ ಮರೆತುಹೋಗಿತ್ತು. ಕುಲುಮೆಯಿದ್ದ ಜಾಗದಲ್ಲಿ ಕೊಟ್ಟಿಗೆಯಾಗಿತ್ತು. ಆಚಾರಿ ಸೀಮೆ ಹಸುವಿಗೆ ಹುಲ್ಲು ಹಾಕುತ್ತಿದ್ದ. ಕುಲುಮೆ ಆರಿದ್ದಕ್ಕೆ ನಾನೊಬ್ಬನೇ ಕಾರಣ ಎಂದರೆ ಅದೂ ಒಂದು ಜಂಬವಾದೀತು. ರೆಡಿಮೇಡ್ ದೀಪಗಳು ಬಂದಿವೆ, ಕಾಲ ಬದಲಾಗಿದೆ. ಆದರೂ ಆ ಗಂಟೆ ಕೈತಪ್ಪಿದ ಮೇಲೆ ಅವನು ದೊಡ್ಡ ಎರಕಕ್ಕೆ ಕೈ ಹಾಕಲಿಲ್ಲವೆಂದು ಅವನ ಬೀದಿಯವರೇ ಹೇಳಿದರು.

ನಾನು ತೊದಲುತ್ತ ಎಲ್ಲವನ್ನೂ ಹೇಳಿದೆ. ಅವನು ಹುಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು ಬುಡು.”

“ಗೊತ್ತಿದ್ದೂ ಯಾಕ್ಲಾ ಹುಯ್ದೆ?”

“ಹುಯ್ಯೋವಾಗ ಎಲ್ಲಿ ಗೊತ್ತಿತ್ತು? ಲೆಕ್ಕ ಹಾಕಿವ್ನಿ ಅಂದೆ. ನಂಬ್ದೆ. ಅಲ್ಲಿ ಕಚ್ಕೊಂಡು ನಿಂತಾಗ ಗೊತ್ತಾಯ್ತು.”

“ತಪ್ಪಾಯ್ತು ಕಣ್ಲಾ.”

ಅವನು ಆಗ ಮೊದಲ ಸಲ ನನ್ನ ಕಡೆಗೆ ತಿರುಗಿದ. “ಎರಕ ಕೆಟ್ಟದೆ ಅಂತ ಎಲ್ಲಿ ಅಂದೆ ನೀನು? ಈ ಕೊಟ್ಟಿಗೇಲಾ? ಇಲ್ಲಿ ಬಂದು ತಪ್ಪಾಯ್ತು ಅಂದ್ರೆ ಯಾರ್ ಕೇಳಿಸ್ಕತಾರೆ, ಈ ಹಸಾ? ಅಲ್ಲೋಗಿ ಹೇಳು, ಹೋಗು.”

ಹೋದೆ. ಫೆಬ್ರವರಿಯಲ್ಲಿ ಅದೇ ಶಾಲೆ, ಅದೇ ಪ್ರದರ್ಶನ. ಪುಟ್ಟಸ್ವಾಮಿ ಮೇಷ್ಟ್ರಿಗೆ ಈಗ ಕೋಲು ಬಂದಿದೆ, ಆದರೂ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಅಟ್ಟದಿಂದ ಇಳಿಸಿ, ಮೋಟಾರು ಮಾತ್ರ ಹೊಸದು ಹಾಕಿದ ಇಂಜಿನನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಮರದ ಮಾದರಿಯನ್ನೂ ಇಟ್ಟು ಸ್ವಿಚ್ಚು ಒತ್ತಿದೆ. ಅರ್ಧ ಸುತ್ತು ತಿರುಗಿ ನಿಂತಿತು. ಈ ಸಲವೂ ಜನ ನಕ್ಕರು. ನಗು ಮುಗಿಯುವವರೆಗೆ ಕಾದು, ಮೋಟಾರನ್ನು ನಿಲ್ಲಿಸಿ ಹೇಳಿದೆ: ಮಾದರಿ ನಾನು ಮಾಡಿದ್ದು, ಅಳತೆ ನನ್ನದು, ಎರಕದವರು ಕೇಳಿದಾಗ ಸುಳ್ಳು ಹೇಳಿದ್ದು ನಾನು, ಆರು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಅವರ ಹೆಸರು ಕೆಡಿಸಿದ್ದೂ ನಾನು. ಕೋಣೆಯಲ್ಲಿದ್ದ ಅರ್ಧಕ್ಕರ್ಧ ಜನಕ್ಕೆ ಆಚಾರಿ ಯಾರೆಂದೇ ಗೊತ್ತಿರಲಿಲ್ಲ. ಗೊತ್ತಿದ್ದ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು.

“ಇದನ್ನ ಹೇಳೋಕೆ ಆರು ವರ್ಷ ಬೇಕಾಯ್ತೇ ನಿಂಗೇಗೌಡ್ರೇ?” ಎಂದರು ಮೇಷ್ಟ್ರು. ಕನ್ನಡಕ ಏರಿಸಿಕೊಂಡು, “ನಾನಾದ್ರೂ ಆಚಾರ್ರನ್ನ ಒಂದು ಮಾತು ಕೇಳ್ಬೇಕಾಗಿತ್ತು. ನಿಮ್ಮ ಮಾತೊಂದನ್ನೇ ಕೇಳ್ಕೊಂಡು ಹೊಂಟೋದೆ” ಎಂದು ತಮಗೆ ತಾವೇ ಹೇಳಿಕೊಂಡರು.

ಆ ಭಾನುವಾರ ಅವರು ಕೆ.ಆರ್. ಪೇಟೆಯಿಂದ ಬಂದರು, ನಾನು ಇಂಜಿನನ್ನು ಚೀಲದಲ್ಲಿ ಹಾಕಿಕೊಂಡು ಶ್ರೀರಂಗಪಟ್ಟಣದಿಂದ ಹೋದೆ; ನಾಗಮಂಗಲದ ಬಸ್ ನಿಲ್ದಾಣದಲ್ಲಿ ಸೇರಿ ಒಟ್ಟಿಗೆ ಆಚಾರಿಯ ಮನೆಗೆ ನಡೆದೆವು. ಮೇಷ್ಟ್ರಿಗೆ ಕುರ್ಚಿ ಬಂತು. ನಾನು ಬಾಗಿಲ ಹತ್ತಿರ ನಿಂತೆ. ಪ್ರದರ್ಶನದಲ್ಲಿ ನಡೆದದ್ದನ್ನು ಮೇಷ್ಟ್ರೇ ವಿವರವಾಗಿ ಹೇಳಿ, ತಮ್ಮದೂ ತಪ್ಪಾಯಿತೆಂದರು. ಆಚಾರಿ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಒಂದೇ ಒಂದು ಮಾತು ಕೇಳಿದ.

“ಗಂಟೆ ಹೆಂಗ್ ನುಡೀತದೆ ಮೇಷ್ಟ್ರೇ?”

ಮೇಷ್ಟ್ರು ಸುಳ್ಳು ಹೇಳುವವರಲ್ಲ. ತಡವರಿಸಿ, “ಚೆನ್ನಾಗೇ ನುಡೀತದೆ ಆಚಾರ್ರೇ. ಹೊಲದಲ್ಲಿರೋರಿಗೂ ಕೇಳಿಸ್ತದೆ” ಎಂದರು.

“ನುಡೀಲಿ ಬುಡಿ” ಎಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಯಾವುದೋ ಊರಿನ ಹೊಲಗಳ ಮೇಲೆ ಬೆಳಗೂ ಬೈಗೂ ಹರಡುವ ಆ ನಾದ ಅವನದಾಗಬೇಕಿತ್ತು. ಪಶ್ಚಾತ್ತಾಪಪಟ್ಟರೆ ಎಲ್ಲವೂ ಹಗುರವಾಗುತ್ತದೆಂದು ನಾನು ತಿಳಿದಿದ್ದೆ. ಕೆಲವು ಹಗುರವಾಗುವುದಿಲ್ಲ, ಎಷ್ಟು ಭಾರವಿದೆಯೆಂಬುದು ತಿಳಿಯುತ್ತದೆ, ಅಷ್ಟೇ.

ಮೇಷ್ಟ್ರು ಕಾಫಿ ಕುಡಿಯುತ್ತಿದ್ದಾಗ ಆಚಾರಿ ನನ್ನ ಚೀಲದೊಳಕ್ಕೆ ಕೈ ಹಾಕಿ ಇಂಜಿನನ್ನು ತೆಗೆದ. ತಲೆಕೆಳಗು ಮಾಡಿ, ತಾನು ಹೊಯ್ದ ಚೌಕಟ್ಟಿನ ಮೇಲೆ ಹೆಬ್ಬೆರಳು ಆಡಿಸಿದ. ಒಂದು ಗುಳ್ಳೆಯಿಲ್ಲ, ಒಂದು ಬಿರುಕಿಲ್ಲ.

“ಎರಕ ಸರಿಯಾಗೇ ಅದೆ ಕಣ್ಲಾ. ಈ ರಾಡು ಕಿತ್ತಾಕಿ, ಒಂದೂವರೆ ನೂಲು ಚಿಕ್ಕದಾಗಿ ಹೊಸದು ಕುಯ್ಕೊಂಡಿದ್ರೆ ಆವತ್ತೇ ಓಡಾಡ್ತಿತ್ತಲ್ಲೋ.”

ಹೌದು. ಒಂದು ಬೆಳಗಿನ ಕೆಲಸ. ಆರು ವರ್ಷದಲ್ಲಿ ಅದು ನನಗೆ ಹೊಳೆದಿರಲಿಲ್ಲ. ಹೊಳೆಯಬೇಕಾದರೆ ಚೌಕಟ್ಟು ಸರಿಯಿದೆ, ತಪ್ಪಿದ್ದು ನಾನು ಎಂದು ಮೊದಲು ಒಪ್ಪಿಕೊಳ್ಳಬೇಕಾಗಿತ್ತು.

“ಯಾಕ್ಲಾ ಬಾಗಿಲಲ್ಲಿ ಕಂಬ ನಿಂತಂಗೆ ನಿಂತಿದ್ದೀಯ? ಕೂತ್ಕೊ, ಅಳತೆ ತಗೊ” ಎಂದ. ನಾನು ನೆಲದ ಮೇಲೆ ಕುಳಿತು ಟೇಪು ಬಿಚ್ಚಿದೆ. ಅದರ ಒಂದು ತುದಿಯನ್ನು ಅವನು ಮೊದಲ ಗಾಲಿಯ ಗೂಟಕ್ಕೆ ಒತ್ತಿ ಹಿಡಿದುಕೊಂಡ. ನಾನು ಇನ್ನೊಂದು ತುದಿಯಲ್ಲಿ ಬಗ್ಗಿ ಓದಿ ಹೇಳಿದೆ. ಅವನು “ಇನ್ನೊಂದ್ ಸಲ ನೋಡು” ಎಂದ. ನಾನು ಇನ್ನೊಂದು ಸಲ ನೋಡಿದೆ.